ಮೂರು ಗಂಟೆ ಹತ್ತು ನಿಮಿಷದ ದಾರಿ

ಮೂರು ಗಂಟೆ ಹತ್ತು ನಿಮಿಷ ಎಂಬ ಮಾತನ್ನು ಕೇಳಿ ಕೇಳಿ ಕ್ರೇನಮ್ಮನ ಕಿವಿ ತೂತು ಬಿದ್ದಿತ್ತು. ತಂಗಿ ಇರುವ ಊರಿನ ಸುದ್ದಿ ಎತ್ತಿದರೆ ಸಾಕು, "ಅಯ್ಯೋ, ಅದೇನು ಮಹಾ ದೂರ! ವಿಮಾನದಲ್ಲಿ ಮೂರು ಗಂಟೆ ಹತ್ತು ನಿಮಿಷ. ಒಂದು ನಿದ್ದೆ ತೆಗೆಯೋ ಅಷ್ಟರಲ್ಲಿ ಊರು ಬಂದಿರುತ್ತೆ" ಎಂದು ಯಾರಾದರೊಬ್ಬರು ಹೇಳಿಯೇ ಹೇಳುತ್ತಿದ್ದರು. ಹೇಳುವವರಿಗೇನು, ಬಾಯಿದೆ, ಹೇಳುತ್ತಾರೆ. ನಡುವೆ ಒಂದು ದೇಶದ ಗಡಿ, ಒಂದು ಸಮುದ್ರ, ಎರಡು ಸಾವಿರ ಕಿಲೋಮೀಟರಿನಷ್ಟು ಬರೀ ಗಾಳಿ. ಆ ಗಾಳಿಯ ಮೇಲೆ ಕೂತು ಹೋಗುವುದು ಅವಳಿಂದ ಆಗದ ಮಾತು. ಅವಳಿಗೆ ಗೊತ್ತಿದ್ದ ದಾರಿಯೇ ಬೇರೆ. ಒಂದು ಬಸ್ಸು, ಒಂದು ಹಡಗು, ಎರಡು ರೈಲು, ಕೊನೆಗೆ ಮತ್ತೊಂದು ಬಸ್ಸು. ಎಲ್ಲ ನೆಟ್ಟಗೆ ಕೂಡಿಬಂದರೆ ನಾಲ್ಕು ದಿನ.

ಇದನ್ನು ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಯಾಕೆಂದರೆ ಕ್ರೇನಮ್ಮ ದಿನವಿಡೀ ಇರುವುದೇ ಆಕಾಶದಲ್ಲಿ. ಕಟ್ಟಡ ಕಟ್ಟುವ ಕಂಪನಿಯಲ್ಲಿ ಟವರ್ ಕ್ರೇನು ಓಡಿಸುವವಳು ಅವಳು. ಬೆಳಗಾಗೆದ್ದು ಇಪ್ಪತ್ತು ಮಹಡಿಯಷ್ಟು ಎತ್ತರದ ಏಣಿ ಹತ್ತಿ ಗಾಜಿನ ಕ್ಯಾಬಿನ್ನಿನಲ್ಲಿ ಕೂತಳೆಂದರೆ ಊಟವೂ ಅಲ್ಲೇ, ತೂಕಡಿಕೆಯೂ ಅಲ್ಲೇ. ಕಾಲ ಕೆಳಗೂ ಗಾಜು. ಹೊಸದಾಗಿ ಬಂದ ಎಂಜಿನಿಯರನೊಬ್ಬ ಒಮ್ಮೆ ಕುತೂಹಲಕ್ಕೆ ಮೇಲೆ ಹತ್ತಿ, ಆ ಗಾಜು ನೋಡಿ ಅಲ್ಲೇ ಕಣ್ಣು ಮುಚ್ಚಿ ಕೂತುಬಿಟ್ಟಿದ್ದ. ಅವನನ್ನು ಇಳಿಸುವುದಕ್ಕೆ ಮಧ್ಯಾಹ್ನದ ತನಕ ಹಿಡಿಯಿತು.

"ಅಲ್ಲಮ್ಮಾ, ಅಷ್ಟು ಮೇಲೆ ಕೂತು ಕಬ್ಬಿಣ ಎತ್ತೋರು ನೀವು, ವಿಮಾನಕ್ಕೆ ಹೆದರ್ತೀರಾ?" ಎಂದು ಗಿಣಿ ಕಾಲೆಳೆಯುತ್ತಿದ್ದ. ಗಿಣಿ ಎಂದರೆ ಕೆಳಗೆ ನಿಂತು ವಾಕಿಟಾಕಿಯಲ್ಲಿ ಅವಳಿಗೆ 'ಎತ್ತಿ, ಇಳಿಸಿ, ಎಡಕ್ಕೆ' ಎಂದು ಹೇಳುವವನು. ಕೆಲಸ ಇಲ್ಲದಾಗಲೂ ಅವನ ಬಾಯಿ ನಿಲ್ಲುತ್ತಿರಲಿಲ್ಲ, ಹಾಗಾಗಿ ಆ ಹೆಸರು.

"ಇಲ್ಲಿ ಲಿವರ್ ನನ್ನ ಕೈಲಿದೆ ಕಣೋ. ಅಲ್ಲಿ ಯಾವನೋ ಪುಣ್ಯಾತ್ಮನ ಕೈಲಿರುತ್ತೆ. ಅವನು ಕಪ್ಪಗಿದ್ದಾನೋ ಬೆಳ್ಳಗಿದ್ದಾನೋ, ರಾತ್ರಿ ನಿದ್ದೆ ಮಾಡಿದ್ದಾನೋ ಇಲ್ವೋ, ನಾನೇನು ಕಂಡೆ?"

ಹೇಳದೆ ಉಳಿಸಿಕೊಂಡ ಮಾತು ಇನ್ನೊಂದಿತ್ತು. ಕ್ರೇನಿನ ಕೆಲಸದಲ್ಲಿ ಗಾಳಿ ಗಂಟೆಗೆ ಐವತ್ತು ಕಿಲೋಮೀಟರು ದಾಟಿತೆಂದರೆ ಕ್ಯಾಬಿನ್ನಿನಲ್ಲಿ ಕೂತವರು 'ಇನ್ನು ಆಗಲ್ಲ' ಎಂದು ಇಳಿದುಬಿಡಬಹುದು. ಮಾಲೀಕನೇ ಬಂದು ಕುಣಿದರೂ ಅವರನ್ನು ಮತ್ತೆ ಹತ್ತಿಸುವ ಹಾಗಿಲ್ಲ. ಇಪ್ಪತ್ತೆರಡು ವರ್ಷ ಆ ಒಂದು ಹಕ್ಕಿನ ಧೈರ್ಯದ ಮೇಲೆ ಅವಳು ಏಣಿ ಹತ್ತಿದ್ದಳು. ವಿಮಾನದಲ್ಲಿ ಅರ್ಧ ದಾರಿಯಲ್ಲಿ 'ಆಗಲ್ಲ' ಎಂದರೆ ಯಾರು ಕೇಳುತ್ತಾರೆ?

ನಗುವವರು ನಗಲಿ ಎಂದು ಅವಳು ಸುಮ್ಮನಿದ್ದಳು. ಆದರೆ ಆರು ತಿಂಗಳ ಹಿಂದೆ ನಗುವ ವಿಷಯ ನಗುವ ವಿಷಯವಾಗಿ ಉಳಿಯಲಿಲ್ಲ. ತಂಗಿ ಆಸ್ಪತ್ರೆಯಿಂದ ಮನೆಗೆ ಬಂದಿದ್ದಳು, ವಾಸಿಯಾಗಿ ಅಲ್ಲ, ಇನ್ನು ಮಾಡುವುದೇನೂ ಇಲ್ಲವೆಂದು ಡಾಕ್ಟರುಗಳು ಕೈಚೆಲ್ಲಿದ್ದರಿಂದ. ಫೋನಿನಲ್ಲಿ ಅವಳ ದನಿ ಎಳೆಎಳೆಯಾಗಿತ್ತು. "ಅಕ್ಕಾ, ಬಂದುಬಿಡೇ. ಮೂರು ಗಂಟೆ ತಾನೇ?" ಕ್ರೇನಮ್ಮ ಅವತ್ತೇ ಹೊರಟಳು. ಹೊರಟದ್ದು ಮಾತ್ರ ಬಸ್ಸಿಗೆ. ನಾಲ್ಕು ದಿನ ಕಳೆದು ತಂಗಿಯ ಮನೆ ಬಾಗಿಲಿಗೆ ಹೋಗಿ ನಿಂತಾಗ ಒಳಗೆ ಮಂಚ ಖಾಲಿಯಾಗಿತ್ತು. ಹಿಂದಿನ ದಿನವೇ ಎಲ್ಲ ಮುಗಿದಿತ್ತು. ಪಕ್ಕದ ಮನೆಯ ಟೈಲರಕ್ಕ ಅವಳ ಕೈಹಿಡಿದು ಅತ್ತಳು. ತಂಗಿಯ ಏಳು ವರ್ಷದ ಮಗಳು ಚೂಟಿ ಅಳಲೂ ಇಲ್ಲ, ಹತ್ತಿರಕ್ಕೂ ಬರಲಿಲ್ಲ. ದೊಡ್ಡಮ್ಮನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಚೂಟಿಗೆ ಅಪ್ಪ ಎನ್ನುವವನು ಹುಟ್ಟಿದಾಗಿನಿಂದ ಇಲ್ಲ. ತಂಗಿ ಹೋದಂದಿನಿಂದ ಟೈಲರಕ್ಕನೇ ಅವಳನ್ನು ಇಟ್ಟುಕೊಂಡಿದ್ದಳು. ಆದರೆ ಟೈಲರಕ್ಕನಿಗೆ ಎಪ್ಪತ್ತರ ಹತ್ತಿರ ವಯಸ್ಸು, ಹೊಲಿಯುವಾಗ ಕೈ ನಡುಗುತ್ತದೆ. ಕೊನೆಗೆ ಆ ದೇಶದ ಮಕ್ಕಳ ಕಚೇರಿಯವರು ವಿಷಯ ಕೈಗೆತ್ತಿಕೊಂಡರು. ಮಕ್ಕಳಿಲ್ಲದ ಗಂಡಹೆಂಡತಿ ಇಬ್ಬರು ಚೂಟಿಯನ್ನು ಸಾಕಲು ಮುಂದೆ ಬಂದಿದ್ದರು. ಒಳ್ಳೆಯ ಜನವೇ ಅಂತೆ. ರಕ್ತಸಂಬಂಧಿ ಯಾರಾದರೂ ಮಗು ಬೇಕೆನ್ನುವುದಾದರೆ ವಿಚಾರಣೆಯ ದಿನ ಖುದ್ದಾಗಿ ಬಂದು ನಿಲ್ಲಬೇಕು, ಬರದಿದ್ದರೆ ಮಗು ಅವರಿಗೆ. ವಿಚಾರಣೆ ಮುಂದಿನ ಸೋಮವಾರ ಎಂದು ತಿಳಿಸಿದ್ದರು.

ಕ್ರೇನಮ್ಮ ಬುದ್ಧಿವಂತೆ. ಬುಧವಾರ ಬೆಳಗಿನ ಬಸ್ಸಿಗೆ, ಗುರುವಾರದ ಹಡಗಿಗೆ, ಆಮೇಲಿನ ರೈಲುಗಳಿಗೆ ಎಲ್ಲ ಟಿಕೆಟ್ ತೆಗೆದಿಟ್ಟುಕೊಂಡಳು. ಭಾನುವಾರಕ್ಕೆ ಅಲ್ಲಿರುತ್ತೇನೆ, ಒಂದು ದಿನ ಕೈಯಲ್ಲಿರುತ್ತದೆ ಎಂದು ಲೆಕ್ಕ. ಮಂಗಳವಾರ ಮಧ್ಯಾಹ್ನ ಕಬ್ಬಿಣದ ಸರಳುಗಳ ಕಟ್ಟನ್ನು ಹತ್ತನೇ ಮಹಡಿಯ ಮೇಲೆ ಇಳಿಸಿ ಕೈ ಒರೆಸಿಕೊಳ್ಳುತ್ತಿರುವಾಗ ಟೈಲರಕ್ಕನ ಫೋನು ಬಂತು.

"ನೋಡವ್ವಾ, ಗಾಬರಿ ಆಗಬೇಡ. ಕಚೇರಿಯವರು ಬಂದಿದ್ರು. ಅದೇನೋ ಅಧಿಕಾರಿಗಳು ರಜೆ ಹೋಗ್ತಾರಂತೆ. ವಿಚಾರಣೆ ನಾಡಿದ್ದಕ್ಕೇ ಹಾಕ್ಬಿಟ್ಟಿದ್ದಾರೆ. ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ."

"ನಾಡಿದ್ದು?"

"ನಾನೂ ಕೇಳ್ಕೊಂಡೆ, ಪಾಪ ಅವರು ಅಷ್ಟು ದೂರದಿಂದ ಬರಬೇಕು ಅಂತ. ಏನಂದ್ರು ಗೊತ್ತಾ? ಮೂರು ಗಂಟೆ ದಾರಿ ಅಲ್ವಾ, ನಾಳೆ ಹೊರಟ್ರೂ ಸಾಕು ಅಂದ್ರು."

ಕ್ರೇನಮ್ಮ ಫೋನು ಇಟ್ಟು ಎದುರಿಗೆ ನೋಡಿದಳು. ಕ್ರೇನಿನ ತೋಳು ದೂರದ ಛಾವಣಿಗಳ ಮೇಲೆ ನೆಟ್ಟಗೆ ಚಾಚಿಕೊಂಡಿತ್ತು. ಮನಸ್ಸಿನಲ್ಲೇ ಬಸ್ಸು ಬಿಟ್ಟು ರೈಲು, ರೈಲು ಬಿಟ್ಟು ಹಡಗು ಎಂದು ಎಲ್ಲ ದಾರಿಯನ್ನೂ ಮಗುಚಿ ಹಾಕಿದಳು. ಯಾವ ಕಡೆಯಿಂದ ಕೂಡಿಸಿದರೂ ಗುರುವಾರ ಅವಳು ಸಮುದ್ರದ ಮಧ್ಯದಲ್ಲಿರುತ್ತಿದ್ದಳು. ಚೂಟಿ ಯಾರದೋ ಮನೆಗೆ ಹೋಗಿರುತ್ತಿದ್ದಳು. ತಂಗಿಯದು ಎಂದು ಈ ಭೂಮಿಯ ಮೇಲೆ ಉಳಿದಿರುವುದು ಆ ಮಗು ಒಂದೇ.

"ಅಮ್ಮಾ, ಊಟ ಆಯ್ತಾ? ಯಾಕೆ ಸುಮ್ನಾಗ್ಬಿಟ್ರಿ?" ಎಂದು ವಾಕಿಟಾಕಿಯಲ್ಲಿ ಗಿಣಿ ಶುರುಮಾಡಿದ.

"ಲೋ ಗಿಣಿ, ವಿಮಾನದ ಟಿಕೆಟ್ ತೆಗೆಯೋದು ನಿನಗೆ ಗೊತ್ತೇನೋ?"

ಗಿಣಿ ಜೀವಮಾನದಲ್ಲಿ ಮೊದಲ ಬಾರಿಗೆ ಮಾತು ನಿಲ್ಲಿಸಿದ. ಆಮೇಲೆ ಮೆಲ್ಲಗೆ, "ಯಾರಿಗಮ್ಮಾ?" ಎಂದ.

"ಇನ್ಯಾರಿಗೆ, ನಿಮ್ಮಜ್ಜಿಗಾ? ನನಗೆ ಕಣೋ. ನಾಳೆಗೆ ಬೇಕು. ಈಗಲೇ ತೆಗಿ, ನಾನು ಕೆಳಗಿಳಿದ ಮೇಲೆ ಕೇಳಬೇಡ. ಇಳಿಯೋ ಅಷ್ಟರಲ್ಲಿ ನನ್ನ ಮನಸ್ಸು ಬದಲಾಗಿಬಿಡುತ್ತೆ."

ಅವಳು ಏಣಿ ಇಳಿದು ಬರುವಷ್ಟರಲ್ಲಿ ಗಿಣಿ ಫೋನು ಮುಂದೆ ಹಿಡಿದು ನಿಂತಿದ್ದ. ಹೋಗುವುದಕ್ಕೆ ಬುಧವಾರ, ಬರುವುದಕ್ಕೆ ಬೇಡ, ವಾಪಸ್ಸು ಹಡಗಿನಲ್ಲೇ ಬರುತ್ತೇನೆ ಎಂದು ಅವಳು ಖಡಾಖಂಡಿತವಾಗಿ ಹೇಳಿದಳು. ಒಂದು ಸಲ, ಒಂದೇ ಒಂದು ಸಲ, ಹಲ್ಲುಕಚ್ಚಿ ಕೂತು ಹೋಗುವುದು. ಆಮೇಲೆ ಮಗುವನ್ನು ಕರೆದುಕೊಂಡು ನಾಲ್ಕು ದಿನ ನೆಮ್ಮದಿಯಾಗಿ ಸಮುದ್ರ ನೋಡಿಕೊಂಡು ಬರುವುದು. ಹೀಗೆಂದು ತೀರ್ಮಾನ ಮಾಡಿದ ಮೇಲೆ ಅವಳಿಗೆ ಸ್ವಲ್ಪ ಉಸಿರಾಡಿದ ಹಾಗಾಯಿತು.

ಬುಧವಾರ ವಿಮಾನದಲ್ಲಿ ಅವಳ ಪಕ್ಕಕ್ಕೆ ಕೂತವರು ಹಲ್ಲಿನ ಡಾಕ್ಟರು. ಕ್ರೇನಮ್ಮ ಕುರ್ಚಿಯ ಎರಡೂ ಕೈಗಳನ್ನು ಹಿಡಿದುಕೊಂಡ ರೀತಿ ನೋಡಿ ಅವರು ನಕ್ಕರು. "ನನ್ನ ಕುರ್ಚಿಯಲ್ಲಿ ಕೂತೋರೂ ಹೀಗೇ ಹಿಡ್ಕೋತಾರೆ ನೋಡಿ. ನಾನಿನ್ನೂ ಬಾಯಿ ತೆಗೀರಿ ಅಂದಿರೋದೇ ಇಲ್ಲ."

"ನೀವು ಬಾಯಿ ತೆಗೀರಿ ಅಂದ್ರೆ ಎದ್ದು ಓಡಿಹೋಗಬಹುದು ಡಾಕ್ಟ್ರೇ. ಇಲ್ಲಿ ಓಡೋದೆಲ್ಲಿಗೆ?"

"ಅದೂ ಸರಿ" ಎಂದು ಡಾಕ್ಟರು ಒಪ್ಪಿಕೊಂಡರು. ಸುಳ್ಳು ಸಮಾಧಾನ ಹೇಳಲಿಲ್ಲವಲ್ಲ ಎಂದು ಅವಳಿಗೆ ಆ ಮನುಷ್ಯ ಹಿಡಿಸಿದ.

ಅಷ್ಟರಲ್ಲಿ ಮೇಲಿನ ಸ್ಪೀಕರಿನಲ್ಲಿ ಪೈಲಟ್ಟನ ದನಿ ಬಂತು. ಹವಾಮಾನ ಚೆನ್ನಾಗಿದೆ, ಹಾರುವ ಸಮಯ ಮೂರು ಗಂಟೆ ಹತ್ತು ನಿಮಿಷ, ಹೊರಗೆ ಗಾಳಿ ಗಂಟೆಗೆ ಐವತ್ತೈದು ಕಿಲೋಮೀಟರು, ಹತ್ತುವಾಗ ಸ್ವಲ್ಪ ಕುಲುಕಬಹುದು ಎಂದಿತು ಆ ದನಿ.

ಐವತ್ತೈದು! ಕ್ರೇನಮ್ಮನ ಕೈ ತಾನಾಗಿಯೇ ಬೆಲ್ಟನ್ನು ಬಿಚ್ಚಿತು. ಅವಳು ಹೆದರಿ ಎದ್ದಳೆಂದು ಹೇಳುವುದು ತಪ್ಪಾಗುತ್ತದೆ. ಐವತ್ತು ದಾಟಿದರೆ ಇಳಿಯಬೇಕು ಎಂಬುದು ಅವಳ ಮೈಗೆ ಇಪ್ಪತ್ತೆರಡು ವರ್ಷದಿಂದ ಗೊತ್ತಿರುವ ವಿಷಯ, ಮೈ ಎದ್ದು ನಿಂತಿತು. ಚೀಲ ಎತ್ತಿಕೊಂಡು ಡಾಕ್ಟರ ಮೊಣಕಾಲು ದಾಟಿ ನೆಟ್ಟಗೆ ಬಾಗಿಲ ತನಕ ನಡೆದುಬಿಟ್ಟಳು. ಬಾಗಿಲು ಇನ್ನೂ ತೆರೆದಿತ್ತು. ಮೆಟ್ಟಿಲು ಕಾಣುತ್ತಿತ್ತು, ಮೆಟ್ಟಿಲ ಕೆಳಗೆ ಗಟ್ಟಿ ನೆಲ ಕಾಣುತ್ತಿತ್ತು.

ಬಾಗಿಲಲ್ಲಿದ್ದ ಹುಡುಗಿ ಅಡ್ಡ ಬಂದು, "ಏನಾಯ್ತು ಆಂಟಿ, ಇಳೀತೀರಾ?" ಎಂದು ಕೇಳಿದಳು.

"ಗಾಳಿ ಐವತ್ತೈದಂತೆ."

"ಹೌದು ಆಂಟಿ, ವಿಮಾನಕ್ಕೆ ಅದೇನೂ ಹೆಚ್ಚಲ್ಲ. ಆದ್ರೂ ಇಳೀತೀನಿ ಅಂದ್ರೆ ಇಳೀಬಹುದು, ಬಲವಂತ ಇಲ್ಲ. ಒಂದ್ಸಲ ಇಳಿದ್ರೆ ಮತ್ತೆ ಹತ್ತಿಸಿಕೊಳ್ಳೋಕಾಗಲ್ಲ ಅಷ್ಟೇ."

ಬಲವಂತ ಇಲ್ಲ. ಅವಳು ಕೇಳಬೇಕೆಂದಿದ್ದ ಮಾತು ಅದೇ ಆಗಿತ್ತು. 'ಆಗಲ್ಲ' ಎನ್ನುವ ಹಕ್ಕು ಇಲ್ಲೂ ಇತ್ತು, ಈ ಬಾಗಿಲು ಮುಚ್ಚುವ ತನಕ. ಕ್ರೇನಮ್ಮ ಆ ಮೆಟ್ಟಿಲುಗಳನ್ನು ನೋಡುತ್ತ ನಿಂತಳು. ಇಳಿದರೆ ಯಾರೂ ಬಯ್ಯುವುದಿಲ್ಲ, ಗಿಣಿಯೂ ಎರಡು ದಿನ ನಗಾಡಿ ಸುಮ್ಮನಾಗುತ್ತಾನೆ. ಆದರೆ ಕಳೆದ ಸಲ ಅವಳು ಹೀಗೇ ಇಳಿದಿದ್ದಳು, ಹತ್ತುವುದಕ್ಕೆ ಮುಂಚೆಯೇ ಇಳಿದಿದ್ದಳು. ಅದಕ್ಕೆ ತಂಗಿ ಬೆಲೆ ಕೊಟ್ಟಿದ್ದಳು. ಅಕ್ಕನೆಂದು ಹೇಳಿಕೊಳ್ಳುವುದಕ್ಕೆ ನಾಚಿಕೆಯಾಯಿತು.

"ಮುಚ್ಚಮ್ಮಾ ಬಾಗಿಲು" ಎಂದಳು ಆ ಹುಡುಗಿಗೆ. "ಬೇಗ ಮುಚ್ಚು. ನಾನು ನೋಡ್ತಾ ಇರೋವಾಗಲೇ ಮುಚ್ಚಿಬಿಡು."

ಮುಂದಿನ ಮೂರು ಗಂಟೆಯ ಕಥೆ ಹೇಳಿ ಅವಳ ಮಾನ ಕಳೆಯುವುದು ಬೇಡ. ಇಷ್ಟು ಮಾತ್ರ ಹೇಳಬಹುದು: ವಿಮಾನ ಎಡಕ್ಕೆ ವಾಲಿದಾಗಲೆಲ್ಲ ಅವಳ ಬಲಗೈ ಇಲ್ಲದ ಲಿವರನ್ನು ಎಳೆಯಿತು, ಕುಲುಕಿದಾಗಲೆಲ್ಲ ಕಾಲು ಇಲ್ಲದ ಬ್ರೇಕನ್ನು ಒತ್ತಿತು, ಮುಂದಿನ ಸೀಟಿನವನು ಎರಡು ಸಲ ತಿರುಗಿ ನೋಡಿದ. ಇಳಿಯುವಾಗ ಹಲ್ಲಿನ ಡಾಕ್ಟರು, "ನೀವೇ ಓಡಿಸಿದ ಹಾಗಿತ್ತು, ಥ್ಯಾಂಕ್ಸ್" ಎಂದು ಕೈಮುಗಿದು ಹೋದರು.

ಗುರುವಾರ ಹನ್ನೊಂದಕ್ಕೆ ಮಕ್ಕಳ ಕಚೇರಿಯಲ್ಲಿ ಅವಳನ್ನು ಕೂರಿಸಿಕೊಂಡ ಅಧಿಕಾರಿ ಕನ್ನಡಕದ, ಮೆಲುದನಿಯ ಹೆಂಗಸು. ಗೋಡೆಯ ಮೇಲೆ ಮಕ್ಕಳು ಬಿಡಿಸಿದ ಮನೆಗಳ ಚಿತ್ರ, ಮೂಲೆಯಲ್ಲಿ ಆಟದ ಸಾಮಾನಿನ ಬುಟ್ಟಿ. ಕ್ರೇನಮ್ಮನ ಕೆಲಸ, ಮನೆ, ಆರೋಗ್ಯ ಎಲ್ಲ ವಿಚಾರಿಸಿ ಆದಮೇಲೆ ಆಕೆ ಕನ್ನಡಕ ತೆಗೆದಿಟ್ಟರು.

"ನೋಡೀಮ್ಮಾ, ಮಗುವನ್ನೂ ಕೇಳಿದ್ವಿ. ದೊಡ್ಡಮ್ಮನ ಜೊತೆ ಹೋಗ್ತೀಯಾ ಅಂದ್ರೆ ಒಂದೇ ಮಾತು. 'ದೊಡ್ಡಮ್ಮ ಬರಲ್ಲ, ಅವರು ಬರ್ತೀನಿ ಅಂತಾರೆ ಅಷ್ಟೇ.' ಅಷ್ಟು ಹೇಳಿ ಬಾಯಿ ಮುಚ್ಕೊಂಡ್ಲು."

ಕ್ರೇನಮ್ಮ ತಲೆ ತಗ್ಗಿಸಿದಳು.

"ಇವತ್ತು ನೀವು ಬಂದಿದ್ದೀರಿ, ಹಾಗಾಗಿ ಆ ದಂಪತಿಗೆ ಕೊಡೋದನ್ನ ತಡೆಹಿಡೀತೀನಿ. ಆದ್ರೆ ಇವತ್ತೇ ನಿಮ್ಮ ಕೈಗೆ ಕೊಡೋಕೂ ಆಗಲ್ಲ. ಮಗು ನಿಮ್ಮನ್ನ ನಂಬಬೇಕು. ಆರು ತಿಂಗಳು, ತಿಂಗಳಿಗೊಂದು ಸಲ, ಬಂದು ಎರಡು ದಿನ ಅವಳ ಜೊತೆ ಇರಿ. ಆರೂ ತಿಂಗಳು ಬಂದ್ರೆ ಮಗು ನಿಮ್ಮದು. ಒಂದು ತಿಂಗಳು ತಪ್ಪಿದ್ರೂ ಇಲ್ಲ. ಕಷ್ಟವೇನಲ್ಲ, ಮೂರು ಗಂಟೆ ದಾರಿ ಅಲ್ವಾ?"

ಕ್ರೇನಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಂಪನಿಯವರು ತಿಂಗಳಿಗೆ ನಾಲ್ಕು ದಿನ ರಜೆ ಕೊಟ್ಟರೆ ಅದೇ ಹೆಚ್ಚು. ಹಡಗಿನಲ್ಲಿ ಬಂದರೆ ಬರುವುದಕ್ಕೇ ಅದು ಖರ್ಚು. ಅಂದರೆ ಆರು ಸಲ ಬರುವುದು, ಆರು ಸಲ ಹೋಗುವುದು. ಒಂದೇ ಒಂದು ಸಲ ಎಂದು ಹಲ್ಲುಕಚ್ಚಿಕೊಂಡು ಬಂದವಳ ಮುಂದೆ ಆ ಹೆಂಗಸು ಹನ್ನೆರಡು ವಿಮಾನಗಳನ್ನು ಸಾಲಾಗಿ ತಂದು ನಿಲ್ಲಿಸಿದ್ದರು.

"ಎಲ್ಲಿ ಸೈನ್ ಹಾಕಬೇಕು ಹೇಳಿ" ಎಂದಳು. ದನಿ ಜೋರಾಗಿಯೇ ಬಂತು. "ಆರಲ್ಲ, ಅರವತ್ತು ಅನ್ನಿ, ಬರ್ತೀನಿ."

ಹೊರಗೆ ಮೊಗಸಾಲೆಯ ಬೆಂಚಿನ ಮೇಲೆ ಟೈಲರಕ್ಕ ಮತ್ತು ಚೂಟಿ ಕೂತಿದ್ದರು. ಕ್ರೇನಮ್ಮ ಬಂದದ್ದು ಕಂಡು ಟೈಲರಕ್ಕ ನೀರು ಕುಡಿದು ಬರುತ್ತೇನೆಂದು ಎದ್ದುಹೋದಳು. ಜಾಣೆ. ಚೂಟಿ ಬೆಂಚಿನ ತುದಿಗೆ ಸರಿದು ಕೂತಳು. ಮೂಗು, ಹುಬ್ಬು, ಮುನಿಸಿಕೊಂಡಾಗ ಕೆಳದುಟಿ ಮುಂದೆ ಮಾಡುವುದು, ಎಲ್ಲ ತಂಗಿಯದೇ.

"ದೊಡ್ಡಮ್ಮಾ, ನಿಮ್ಮೂರು ಮೂರು ಗಂಟೆ ದೂರ ತಾನೇ?" ಎಂದು ನೆಲ ನೋಡುತ್ತಲೇ ಕೇಳಿದಳು.

"ಹೌದು ಕಂದಾ."

"ಅಮ್ಮ ಹಂಗೇ ಅಂದ್ಲು. ಅಕ್ಕ ಇನ್ನು ಮೂರು ಗಂಟೇಲಿ ಬರ್ತಾಳೆ, ನನ್ನ ಎತ್ತಿ ಕೂರಿಸು ಅಂದ್ಲು. ಕೂರಿಸ್ದೆ. ಮೂರು ಗಂಟೆ ಆಯ್ತು. ಆಮೇಲೆ ಇನ್ನೊಂದು ಮೂರು ಗಂಟೆ ಅಂದ್ಲು. ಬೆಳಿಗ್ಗೇನೂ ಮೂರು ಗಂಟೆ ಅಂದ್ಲು." ಚೂಟಿ ಈಗ ಮುಖ ಎತ್ತಿದಳು. "ನೀನು ಯಾಕೆ ಬರ್ಲಿಲ್ಲ?"

ಬಸ್ಸು ತಡವಾಯಿತು, ಹಡಗು ತಡವಾಯಿತು, ಹೇಳುವುದಕ್ಕೆ ಬೇಕಾದಷ್ಟಿತ್ತು. ಕ್ರೇನಮ್ಮ ಅದು ಯಾವುದನ್ನೂ ಹೇಳಲಿಲ್ಲ.

"ಹೆದರಿಕೆ ಕಣೇ. ವಿಮಾನ ಹತ್ತೋಕೆ ನನಗೆ ಪ್ರಾಣಭಯ. ಅದಕ್ಕೆ ಬಸ್ಸಲ್ಲಿ ಬಂದೆ. ನಿಮ್ಮಮ್ಮನ್ನ ಕಾಯಿಸ್ಬಿಟ್ಟೆ. ತಪ್ಪು ನನ್ನದೇ."

ಚೂಟಿ ಅವಳ ಮುಖವನ್ನೇ ನೋಡಿದಳು. "ಈಗ ಹೆದರಿಕೆ ಹೋಯ್ತಾ?"

"ಎಲ್ಲಿ ಹೋಗುತ್ತೆ? ನಿನ್ನೆ ಹತ್ತಿದ್ಮೇಲೆ ಇನ್ನೂ ಜಾಸ್ತಿ ಆಗಿದೆ."

"ಮತ್ತೆ ಮುಂದಿನ ತಿಂಗಳು ಹೆಂಗ್ ಬರ್ತೀಯಾ?"

"ಹೆದರ್ಕೊಂಡೇ ಬರ್ತೀನಿ."

ಮಗು ನಂಬಿತೋ ಬಿಟ್ಟಿತೋ, ಮುಖದಲ್ಲಿ ಏನೂ ತೋರಿಸಲಿಲ್ಲ. ರಜೆಯನ್ನು ಮುಂದಿನ ತಿಂಗಳಿಗೆ ಉಳಿಸಿಕೊಳ್ಳಬೇಕೆಂದು ಕ್ರೇನಮ್ಮ ಹಡಗಿನ ಆಸೆ ಬಿಟ್ಟು ಅವತ್ತಿನ ವಿಮಾನಕ್ಕೇ ಟಿಕೆಟ್ ತೆಗೆಸಿದಳು. ಸಂಜೆ ವಿಮಾನ ನಿಲ್ದಾಣದ ಬಾಗಿಲಿಗೆ ಚೂಟಿ ಟೈಲರಕ್ಕನ ಜೊತೆ ಬಂದಳು, ದೊಡ್ಡಮ್ಮ ನಿಜವಾಗಲೂ ಒಳಗೆ ಹೋಗುತ್ತಾಳೋ ಇಲ್ಲವೋ ನೋಡುವುದಕ್ಕೆ. ಎದುರಿಗೇ ಬಂದರಿಗೆ ಹೋಗುವ ಬಸ್ಸು ನಿಂತಿತ್ತು. ಕ್ರೇನಮ್ಮ ಅತ್ತ ನೋಡಿದ್ದನ್ನು ಚೂಟಿ ನೋಡಿದಳು.

"ಇಳಿದ ತಕ್ಷಣ ಫೋನ್ ಮಾಡು" ಎಂದಳು. "ವಿಮಾನ ಹೊರಟು ಮೂರು ಗಂಟೆ ಹತ್ತು ನಿಮಿಷಕ್ಕೆ. ನಾನು ಫೋನ್ ಹಿಡ್ಕೊಂಡು ಕೂತಿರ್ತೀನಿ."

ಹಿಂತಿರುಗುವಾಗಲೂ ಕ್ರೇನಮ್ಮ ಮೊದಲಿನ ಹಾಗೇ ಕುರ್ಚಿಯ ಕೈ ಹಿಡಿದಳು, ಬ್ರೇಕು ಒತ್ತಿದಳು, ಕಣ್ಣು ಮುಚ್ಚಿ ಕೂತಳು. ಊರು ಹತ್ತಿರ ಬಂದು ಇನ್ನೇನು ಇಳಿಯಬೇಕು ಎನ್ನುವಾಗ ಪೈಲಟ್ಟನ ದನಿ ಬಂತು. ನಿಲ್ದಾಣದಲ್ಲಿ ಜಾಗ ಖಾಲಿಯಿಲ್ಲ, ಸ್ವಲ್ಪ ಹೊತ್ತು ಮೇಲೆಯೇ ಸುತ್ತುತ್ತೇವೆ.

ವಿಮಾನ ಒಂದು ಸುತ್ತು ಹಾಕಿತು, ಇನ್ನೊಂದು ಹಾಕಿತು. ಕ್ರೇನಮ್ಮ ಕಣ್ಣು ತೆರೆದು ಗಡಿಯಾರ ನೋಡಿದಳು. ಮೂರು ಗಂಟೆ ಹತ್ತು ನಿಮಿಷ ಆಗಿಹೋಗಿತ್ತು. ಅಲ್ಲಿ ಟೈಲರಕ್ಕನ ಮನೆಯಲ್ಲಿ ಒಂದು ಮಗು ಫೋನು ಹಿಡಿದುಕೊಂಡು ಕೂತಿತ್ತು. ಇನ್ನೊಂದು ಮೂರು ಗಂಟೆ ಎಂದು ಅದಕ್ಕೆ ಹೇಳುವುದಕ್ಕೂ ಈಗ ಅಮ್ಮ ಇಲ್ಲ. ಅವಳ ಜೀವ ಚಡಪಡಿಸಿತು. ಬೆಲ್ಟು ಕಟ್ಟಿಕೊಂಡಿದ್ದವಳು ಕುತ್ತಿಗೆ ಚಾಚಿ ಕಿಟಕಿಯ ಹೊರಗೆ ನೋಡಿದಳು. ಒಂದು ರೆಕ್ಕೆ ಪೂರಾ ಕೆಳಗೆ ವಾಲಿತ್ತು, ಅದರಾಚೆ ಊರು ಓರೆಯಾಗಿ ನಿಂತಿತ್ತು.

"ರೀ, ಏನ್ರೀ ಇದು, ಸುತ್ತಿದ್ದೇ ಸುತ್ತಿದ್ದು!" ಎಂದು ಗಗನಸಖಿಗೆ ಗದರಿದಳು. "ಅಲ್ಲಿ ಮಗು ಕಾಯ್ತಾ ಇದೆ. ಇಳಿಸೋಕೆ ಹೇಳ್ರೀ ಅವರಿಗೆ!"

ಚಕ್ರ ನೆಲ ಮುಟ್ಟಿ ವಿಮಾನ ಇನ್ನೂ ಓಡುತ್ತಿರುವಾಗಲೇ ಅವಳು ಫೋನು ಹಚ್ಚಿದಳು. ಆ ಕಡೆ ಒಂದು ರಿಂಗೂ ಪೂರ್ತಿ ಆಗಲಿಲ್ಲ.

"ಇಪ್ಪತ್ತೆರಡು ನಿಮಿಷ ಲೇಟು" ಎಂದಳು ಚೂಟಿ. ದನಿ ಒದ್ದೆಯಾಗಿತ್ತು.

"ಹೌದು ಕಂದಾ, ಲೇಟಾಯ್ತು. ಮೇಲೆ ಸುತ್ತಿಸಿಬಿಟ್ರು. ಇಳಿದೆ, ಈಗ ತಾನೇ ಇಳಿದೆ. ಕೇಳಿಸ್ತಿದೆಯಾ?"

ಚೂಟಿ ಫೋನಿನಿಂದ ಮುಖ ತಿರುಗಿಸಿ, ಇಡೀ ಬೀದಿಗೆ ಕೇಳುವ ಹಾಗೆ ಕೂಗುತ್ತಿದ್ದಳು.

"ಟೈಲರಕ್ಕಾ! ಬಂದ್ಲು! ದೊಡ್ಡಮ್ಮ ಬಂದ್ಲು!"

ಎರಡು ಸಾವಿರ ಕಿಲೋಮೀಟರು ಆಚೆ, ಬೆಲ್ಟು ಕೂಡ ಬಿಚ್ಚದೆ, ಚೀಲ ಇಳಿಸಿಕೊಳ್ಳುತ್ತಿದ್ದ ಜನರ ನಡುವೆ ಕ್ರೇನಮ್ಮ ಬಿಕ್ಕಿ ಬಿಕ್ಕಿ ಅತ್ತಳು.